ಎಷ್ಟು ಎಕ್ಸ್ ಉಂಟು?

ಪ್ರಶ್ನೆ ಯಾವಾಗಲೂ ಒಂದೇ. "ಅಣ್ಣ, ಏರ್ ರೈಫಲಿಗೆ ಒಂದು ಸ್ಕೋಪ್ ಬೇಕಿತ್ತು. ಕಡಿಮೆಗೆ ಸಿಗಬೇಕು, ಆದ್ರೆ ಪವರ್ ಒಳ್ಳೆದಿರಬೇಕು. 24 ಎಕ್ಸ್ ಆದ್ರೂ ಬೇಕು." ಎಷ್ಟು ದೂರಕ್ಕೆ ಹೊಡೆಯುವುದು ಅಂತ ಕೇಳಿದರೆ, "ಮನೆ ಹಿಂದೆಯೇ, ಒಂದು ಹತ್ತು ಮೀಟರ್." ಹತ್ತು ಮೀಟರ್ ಅಂದರೆ ಜಗಲಿಯಿಂದ ಬಾವಿಕಟ್ಟೆಗೆ. ಅದಕ್ಕೆ 24 ಎಕ್ಸ್, ಅಂದರೆ ಗುರಿಯನ್ನು 24 ಪಟ್ಟು ದೊಡ್ಡದು ಮಾಡಿ ತೋರಿಸುವ ದುರ್ಬೀನು! ಮಲ್ಪೆಯಲ್ಲಿ ನಿಂತು ಸೈಂಟ್ ಮೇರೀಸ್ ದ್ವೀಪದ ತೆಂಗಿನಮರ ಎಣಿಸಲಿಕ್ಕಿದ್ದರೆ ಬೈನಾಕ್ಯುಲರ್ ತೆಗೊಳ್ಳಿ ಮಾರಾಯ್ರೆ, ರೈಫಲ್ ಯಾಕೆ?

ಇಬ್ಬರನ್ನು ಇಲ್ಲಿಂದಲೇ ವಾಪಸು ಕಳಿಸುತ್ತೇನೆ. ಮಗಳು ಶೂಟಿಂಗ್ ಸ್ಪರ್ಧೆಗೆ ಹೋಗ್ತಾಳೆ ಅನ್ನುವವರು ಮೊದಲನೆಯವರು. ಒಲಿಂಪಿಕ್ ಮಾದರಿಯ 10 ಮೀಟರ್ ಏರ್ ರೈಫಲಿನಲ್ಲಿ ಸ್ಕೋಪಿಗೆ ಅವಕಾಶವೇ ಇಲ್ಲ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಒಂದು ಉಂಗುರ, ಅಷ್ಟೆ. ಗುರಿಪತ್ರದ ಹತ್ತನೆಯ ವೃತ್ತ ಬರೀ 0.5 ಮಿಲಿಮೀಟರ್. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಹೀಗೆ ನೋಡಿಯೇ. ಎರಡನೆಯವರು, ತೋಟಕ್ಕೆ ಮಂಗ ಬರ್ತದೆ, ನವಿಲು ಬರ್ತದೆ ಅನ್ನುವವರು. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಹಕ್ಕಿ. ಅದಕ್ಕಾಗಲಿ ಮಂಗಕ್ಕಾಗಲಿ ಸ್ಕೋಪ್ ಆರಿಸಿ ಕೊಡುವುದು ನನ್ನಿಂದಾಗದು.

ಉಳಿದವರು ಕಾಗದಕ್ಕೆ ಹೊಡೆಯುವವರು. ಅವರಿಗೆ ಲೆಕ್ಕ ಹೇಳಬಹುದು.

6-24x50 ಅಂದರೆ ಪಟ್ಟು 6ರಿಂದ 24, ಮುಂದಿನ ಗಾಜಿನ ವ್ಯಾಸ 50 ಮಿ.ಮೀ. ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 6ರಲ್ಲಿ ಎಂಟು ಮಿಲಿಮೀಟರಿಗೂ ಹೆಚ್ಚು, 24ರಲ್ಲಿ ಬರೀ ಎರಡು. ತಲೆ ಒಂಚೂರು ಆಚೀಚೆ ಆದರೆ ಕಪ್ಪು. ಅಗ್ಗದ ಗಾಜಾದರೆ ಕೊನೆಯ ಕಾಲು ಭಾಗದ ಪಟ್ಟು ಹೆಸರಿಗೆ ಮಾತ್ರ: ಬಿಂಬ ಮಸುಕಾಗುತ್ತದೆ, ಅಂಚಿಗೆ ನೇರಳೆ ಬಣ್ಣ ಹತ್ತುತ್ತದೆ. 10 ಮೀಟರಿನಲ್ಲಿ ಕಾಣುವ ಜಾಗ ಒಂದು ಗೇಣೂ ಇಲ್ಲ. ಕೈನಡುಕವೂ 24 ಪಟ್ಟು ಆಗಿ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ ಟ್ರಿಗರ್ ಎಳೆದುಬಿಡುತ್ತಾರೆ.

ತೂತು ಕಾಣಬೇಕಲ್ಲ ಅಂತೀರಿ. 4.5 ಮಿ.ಮೀ. ಪೆಲ್ಲೆಟಿನ, ಅಂದರೆ ಏರ್ ರೈಫಲಿನ ಸಣ್ಣ ಗುಂಡಿನ, ತೂತು 25 ಮೀಟರಿನಲ್ಲಿ 8 ಪಟ್ಟಿಗೇ ಕಾಣುತ್ತದೆ, 50ಕ್ಕೆ 12 ಸಾಕು. ಕಪ್ಪು ವೃತ್ತದೊಳಗಿನ ತೂತು ಕಾಣದಿದ್ದರೆ ಗುರಿಪತ್ರದ ಹಿಂದೆ ಕಿತ್ತಳೆ ಬಣ್ಣದ ಕಾಗದ ಇಡಿ. 24 ಪಟ್ಟಿಗೆ ಕೆಲಸ ಇರುವುದು 50 ಮೀಟರಿನಿಂದ ಆಚೆ, ಅದೂ ಬೆಂಚಿನ ಮೇಲೆ ರೈಫಲ್ ಊರಿ ಹೊಡೆಯುವವರಿಗೆ. ಅಲ್ಲೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನೆಲದ ಝಳಕ್ಕೆ ಗುರಿ ಕುಣಿಯುತ್ತದೆ. ಅವರೇ ಪಟ್ಟು ಇಳಿಸಿಕೊಳ್ಳುತ್ತಾರೆ.

"ಎಷ್ಟು ಎಕ್ಸ್ ಉಂಟು" ಅಂತ ಎಲ್ಲರೂ ಕೇಳುತ್ತಾರೆ. "ಎಷ್ಟು ಹತ್ತಿರಕ್ಕೆ ಫೋಕಸ್ ಆಗ್ತದೆ" ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ.

ಗುರಿಯ ಬಿಂಬವೂ, ಗುರಿ ಹಿಡಿಯುವ ಅಡ್ಡ-ಉದ್ದ ಗೆರೆಗಳ ಕ್ರಾಸ್‌ಹೇರೂ ಸ್ಕೋಪಿನೊಳಗೆ ಒಂದೇ ಮಟ್ಟದಲ್ಲಿ ಬೀಳದಿದ್ದರೆ, ರೈಫಲ್ ಅಲುಗದಿದ್ದರೂ ತಲೆ ಅಲುಗಿದಂತೆ ಗೆರೆ ಗುರಿಯ ಮೇಲೆ ಓಡಾಡುತ್ತದೆ. ಇದೇ ಪ್ಯಾರಲ್ಯಾಕ್ಸ್. ದೊಡ್ಡ ಬಂದೂಕಿನ ಎಷ್ಟೋ ಸ್ಕೋಪುಗಳಲ್ಲಿ ಇದನ್ನು 100 ಗಜಕ್ಕೆ, ಅಂದರೆ 91 ಮೀಟರಿಗೆ ಸರಿಮಾಡಿ ಬಿಟ್ಟಿರುತ್ತಾರೆ. ಅಂಥದ್ದರಲ್ಲಿ 10 ಮೀಟರಿನ ಗುರಿ ನೋಡಿದರೆ ತಪ್ಪು ಎಷ್ಟು? ಗಾಜಿನ ವ್ಯಾಸದ ಅರ್ಧ 25, ಅದನ್ನು 81ರಿಂದ (91ರಲ್ಲಿ 10 ಕಳೆದದ್ದು) ಗುಣಿಸಿ 91ರಿಂದ ಭಾಗಿಸಿ: ಹೆಚ್ಚೆಂದರೆ 22 ಮಿಲಿಮೀಟರ್. ಏರ್ ರೈಫಲ್ ಗುರಿಪತ್ರದ ಕಪ್ಪು ಭಾಗವೇ 30.5 ಮಿ.ಮೀ. ಗಾಜು ದೊಡ್ಡದಾದಷ್ಟೂ ಈ ತಪ್ಪೂ ದೊಡ್ಡದು. ಹಾಗಾಗಿ ಮುಂದಿನ ಗಾಜಿನ ಉಂಗುರವೋ ಎಡಬದಿಯ ನಾಬೋ ತಿರುಗಿಸಿದರೆ 10 ಮೀಟರಿಗೆ ಇಳಿಯುವ 4-16x40 ಅಥವಾ 4-16x44 ತೆಗೊಳ್ಳಿ. ಅದೇ ದುಡ್ಡಿಗೆ ಸಿಗುವ, ಈ ಹೊಂದಾಣಿಕೆ ಇಲ್ಲದ 24 ಪಟ್ಟಿನದ್ದು ಬೇಡ.

ಸ್ಪ್ರಿಂಗ್ ರೈಫಲಿನವರಿಗೆ ಇನ್ನೊಂದು ಮಾತು. ಪಿಸ್ಟನ್ ಮುಂದೆ ಹಾರುವಾಗ ರೈಫಲ್ ಹಿಂದೆ ಬರುತ್ತದೆ. ಪಿಸ್ಟನ್ ತುದಿ ಮುಟ್ಟಿದ ಕೂಡಲೇ ಮುಂದಕ್ಕೆ ಜಗ್ಗುತ್ತದೆ. ಸಾಮಾನ್ಯ ಸ್ಕೋಪಿನ ಗಾಜುಗಳನ್ನು ಹಿಂದಕ್ಕೆ ಬರುವ ಹೊಡೆತಕ್ಕೆ ಮಾತ್ರ ಭದ್ರ ಮಾಡಿರುತ್ತಾರೆ. ಈ ಎರಡನೇ ಜಗ್ಗಿಗೆ ಕ್ರಾಸ್‌ಹೇರ್ ಓರೆಯಾಗುತ್ತದೆ, ಒಳಗೆ ಗಾಜು ಸಡಿಲವಾಗುತ್ತದೆ. ಏರ್‌ಗನ್ನಿಗೆ ಅಂತ ಬರೆದದ್ದನ್ನೇ ಕೊಳ್ಳಿ. ಸ್ಕೋಪನ್ನು ರೈಫಲಿಗೆ ಹಿಡಿಸುವ ಮೌಂಟ್ ಒಂದೇ ತುಂಡಿನದ್ದಿರಲಿ, 11 ಮಿ.ಮೀ. ಹಳಿಗೆ ಕೂರುವಂಥದ್ದು, ಹಿಂದೆ ಜಾರದಂತೆ ತಡೆಪಿನ್ ಇರುವಂಥದ್ದು. ಸಿಲಿಂಡರಿಗೆ ತೆಂಗಿನೆಣ್ಣೆ ಬಿಡಬೇಡಿ. ಒತ್ತಡಕ್ಕೆ ಎಣ್ಣೆ ಹೊತ್ತಿ ಢಂ ಅಂದರೆ ಆ ಪೆಟ್ಟೂ ಸ್ಕೋಪಿಗೇ.

"ಸ್ಕೋಪ್ ಹಾಳು, ಎಷ್ಟು ತಿರುಗಿಸಿದ್ರೂ ಕೆಳಗೇ ಬೀಳ್ತದೆ" ಅಂತ ಬರುವ ದೂರಿನಲ್ಲಿ ತಪ್ಪು ಹೆಚ್ಚಾಗಿ ಬ್ಯಾರೆಲಿನದ್ದು. ಮಡಚುವ ಬ್ಯಾರೆಲ್ ತುಸು ಕೆಳಮುಖವಾಗಿಯೇ ಕೂತಿರುತ್ತದೆ. ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಕಾಲು ಎಂಒಎ ಸ್ಕೋಪಿನ ಹೊಂದಾಣಿಕೆಯ ಒಂದು ಕ್ಲಿಕ್ 10 ಮೀಟರಿನಲ್ಲಿ 0.7 ಮಿ.ಮೀ. ಪೆಲ್ಲೆಟ್ 10 ಸೆಂ.ಮೀ. ಕೆಳಗೆ ಬೀಳುತ್ತಿದ್ದರೆ ಸುಮಾರು 137 ಕ್ಲಿಕ್ ಬೇಕು. ಒಟ್ಟು 50 ಎಂಒಎ ಓಡುವ ಸ್ಕೋಪಿನಲ್ಲಿ ನಡುವಿನಿಂದ ಮೇಲಕ್ಕೆ ಇರುವುದೇ 100. ಕೊನೆಯವರೆಗೆ ತಿರುಗಿಸಿಟ್ಟರೆ ಸ್ಕೋಪಿನೊಳಗಿನ ಸ್ಪ್ರಿಂಗಿಗೆ ಹಿಡಿತವಿಲ್ಲದೆ ಪ್ರತಿ ಹೊಡೆತಕ್ಕೂ ಜಾಗ ಬದಲು. ಮೌಂಟಿನ ಹಿಂದಿನ ಉಂಗುರದಲ್ಲಿ ಸ್ಕೋಪಿನ ಕೆಳಗೆ 0.1 ಮಿ.ಮೀ. ತಗಡಿನ ಪಟ್ಟಿ ಇಟ್ಟರೆ, ಉಂಗುರಗಳ ನಡುವೆ 10 ಸೆಂ.ಮೀ. ಇರುವಾಗ, 10 ಮೀಟರಿನಲ್ಲಿ ಪೆಲ್ಲೆಟ್ ಒಂದು ಸೆಂಟಿಮೀಟರ್ ಏರುತ್ತದೆ. ಎರಡು-ಮೂರು ತಗಡಿಗಿಂತ ಹೆಚ್ಚು ಬೇಕಾದರೆ ಎತ್ತರ ಹೊಂದಿಸುವ ಮೌಂಟೇ ತರಿಸಿ, ಇಲ್ಲದಿದ್ದರೆ ಸ್ಕೋಪಿನ ಕೊಳವೆ ನೆಗ್ಗುತ್ತದೆ.

ಆನ್‌ಲೈನಿನಲ್ಲಿ ತರಿಸಿದರೆ ವಾಪಸಿನ ಅವಧಿ ಮುಗಿಯುವ ಮೊದಲು ಒಂದು ಪರೀಕ್ಷೆ ಮಾಡಿ. ರೈಫಲ್ ಬೇಕಾಗಿಲ್ಲ. ಸ್ಕೋಪನ್ನು ಬೆಂಚ್ ವೈಸಿನಲ್ಲಿ ಬಟ್ಟೆ ಸುತ್ತಿ ಕೂರಿಸಿ, 25 ಮೀಟರಿನಲ್ಲಿ ಗ್ರಾಫ್ ಹಾಳೆ ಅಂಟಿಸಿ. 40 ಕ್ಲಿಕ್ ಮೇಲೆ, 40 ಬಲಕ್ಕೆ, 40 ಕೆಳಗೆ, 40 ಎಡಕ್ಕೆ. ಕಾಲು ಎಂಒಎ ಸ್ಕೋಪಾದರೆ ಪ್ರತಿ ಬದಿ ಸುಮಾರು 73 ಮಿ.ಮೀ. ಬಂದು, ಗೆರೆ ಹೊರಟ ಚೌಕಕ್ಕೇ ಮರಳಬೇಕು. ಆಮೇಲೆ ಪಟ್ಟಿನ ಉಂಗುರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಕ್ರಾಸ್‌ಹೇರ್ ಬೇರೆ ಚೌಕಕ್ಕೆ ಸರಿದರೆ ಪ್ಯಾಕ್ ಮಾಡಿ ಕಳಿಸಿ.

ಮಳೆಗಾಲದ್ದು ಬೇರೆಯೇ ಕತೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಸ್ಕೋಪಿನ ವೈರಿ ಫಂಗಸ್. ಜೊತೆಗೆ ಬರುವ ಸ್ಪಂಜಿನ ಪೆಟ್ಟಿಗೆ ಇದಕ್ಕೆ ಅತ್ಯಂತ ಕೆಟ್ಟ ಜಾಗ, ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿಡಿ. ಗುಲಾಬಿ ಬಣ್ಣಕ್ಕೆ ತಿರುಗಿದಾಗ ಕಾವಲಿಯಲ್ಲಿ ಸಣ್ಣ ಉರಿಗೆ ಬಿಸಿಮಾಡಿದರೆ ಮತ್ತೆ ನೀಲಿ. ಆ ಕಾವಲಿಯಲ್ಲಿ ಆಮೇಲೆ ದೋಸೆ ಹೊಯ್ಯಬೇಡಿ. ಒಳಗಾಜಿನಲ್ಲಿ ಬಿಳಿ ಎಳೆ ಕಂಡಿತೋ, ಬಿಚ್ಚಿಸಲು ಹೋಗಬೇಡಿ: ತೇವ ಬಾರದಂತೆ ತುಂಬಿಟ್ಟ ನೈಟ್ರೋಜನ್ ಹೊರಟುಹೋಗುತ್ತದೆ, ಮುಂದಿನ ಆಷಾಢಕ್ಕೆ ಗಾಜಿನೊಳಗೇ ಮಂಜು ಕಟ್ಟುತ್ತದೆ.