ತೋನ್ಸೆಪಾರಿಗೆ ಭಾವ ಬಂದಾಗ

ಜನವರಿಯಲ್ಲಿ ಹಾಸನದಿಂದ ಅಕ್ಕ, ಭಾವ, ಮಕ್ಕಳಿಬ್ಬರು ಬಂದಿದ್ದರು. ಚಪ್ಪಲಿ ಬಿಡುವ ಮೊದಲೇ ಭಾವ ಕೇಳಿದ್ದು, "ಐಲ್ಯಾಂಡಿಗೆ ಯಾವಾಗ?" ಮಲ್ಪೆಗೆ ಬರುವ ನೆಂಟರೆಲ್ಲ ಹೀಗೆಯೇ. ಮಲ್ಪೆಯ ಎದುರು ಕಡಲಲ್ಲಿರುವ ನಮ್ಮ ತೋನ್ಸೆಪಾರ್ ದ್ವೀಪ ಅವರಿಗೆ ಸೇಂಟ್ ಮೇರೀಸ್.

"ಬೆಳಿಗ್ಗೆ ಮೊದಲ ಬೋಟಿಗೇ ಹೋಗುವ ಭಾವ, ಆಮೇಲೆ ಕಲ್ಲೆಲ್ಲ ಕಾದ ಕಾವಲಿ" ಎಂದಿದ್ದೆ. ಮಕ್ಕಳು ಎದ್ದದ್ದು ಎಂಟೂವರೆಗೆ. ಬೋಟು ಹತ್ತುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ನೀರಿನ ಚೀಲವನ್ನು ಕಾರಿನಲ್ಲೇ ಬಿಟ್ಟದ್ದು ಮಾತ್ರ ನನ್ನದೇ ತಪ್ಪು.

1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿಯ ಹೆಸರಿಟ್ಟನಂತೆ ಎಂಬ ಕತೆಯನ್ನು ನೆಂಟರಿಗೆಲ್ಲ ಒಪ್ಪಿಸುತ್ತೇನೆ. ಭಾವ ಕಿವಿಗೊಡಲಿಲ್ಲ. ಅವರಾಗಲೇ ಒಂದು ಕಲ್ಲುಕಂಬದೆದುರು ಕುಕ್ಕರಗಾಲಲ್ಲಿ ಕೂತು ಅದರ ಮುಖಗಳನ್ನು ಬೆರಳಿಟ್ಟು ಎಣಿಸುತ್ತಿದ್ದರು. "ಇದಕ್ಕೆ ಆರು. ಪಕ್ಕದ್ದಕ್ಕೆ ಐದೇ ಕಣಯ್ಯಾ! ಯಾರು ಕೆತ್ತಿದ್ದು?" ಯಾರೂ ಅಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುವ ಕಾಲದಲ್ಲಿ, ಉಕ್ಕಿದ ಲಾವಾ ತಣಿದು ಕುಗ್ಗುತ್ತ ಬಿರುಕು ಬಿಟ್ಟದ್ದು ಎಂದೆ. "ಕೆರೆ ಬತ್ತಿದಾಗ ತಳ ಬಿರಿಯುತ್ತಲ್ಲ, ಹಂಗೆ" ಎಂದರು. ಇಷ್ಟು ವರ್ಷ ಇದನ್ನು ವಿವರಿಸಲು ನಾನು ಎಷ್ಟು ತಡವರಿಸಿದ್ದೆ!

ಮಕ್ಕಳು ಚಿಪ್ಪು ಆಯುತ್ತಿದ್ದರು. ನೀರಿಗಿಳಿಯಲು ಬಿಡಲಿಲ್ಲ, ಅಲ್ಲಿಯ ಸೆಳೆತ ನಂಬುವಂಥದ್ದಲ್ಲ. ಒಂದು ಗಂಟೆಯಲ್ಲಿ ಎಲ್ಲರ ಗಂಟಲೂ ಒಣಗಿತು. ಹಸಿವು ಬೇರೆ. ನನ್ನ ಮಟ್ಟಿಗೆ ದ್ವೀಪಕ್ಕೆ ಅಷ್ಟು ಹೊತ್ತು ಸಾಕು, ಉಳಿದದ್ದೆಲ್ಲ ದಡದಲ್ಲಿದೆ.

ಬಂದರಿನ ಹತ್ತಿರ ನಾಲ್ಕೇ ಮೇಜಿನ ಹೋಟೆಲಿಗೆ ಕರೆದೊಯ್ದೆ. ಕುಚ್ಚಲಕ್ಕಿ ಅನ್ನ ನೋಡಿ ಭಾವ, "ಇದಿನ್ನೂ ಬೆಂದಿಲ್ಲ" ಎಂದರು. ಬಂಗುಡೆ ಪುಳಿಮುಂಚಿಯ ಸಾರು ಬಿದ್ದ ಮೇಲೆ ಆ ಮಾತು ಎತ್ತಲಿಲ್ಲ. ಸೋತದ್ದು ಮರುವಾಯಿ ಎಂಬ ಚಿಪ್ಪುಮೀನಿನ ಸುಕ್ಕದ ಮುಂದೆ. ಚಮಚ ಹಿಡಿದು ಒದ್ದಾಡುತ್ತಿದ್ದರು. ಅಕ್ಕ ತೋರಿಸಿಕೊಟ್ಟಳು: ಅರ್ಧ ಚಿಪ್ಪನ್ನು ಬೆರಳಲ್ಲೇ ಎತ್ತಬೇಕು, ಅಂಟಿದ ತೆಂಗಿನತುರಿ ಮಸಾಲೆಯ ಸಮೇತ ಮಾಂಸವನ್ನು ಹಲ್ಲಿನಲ್ಲಿ ಕೆರೆದು ಎಳೆಯಬೇಕು, ಚಿಪ್ಪನ್ನು ಬದಿಗಿಡಬೇಕು. ಸ್ವಲ್ಪ ಹೊತ್ತಿಗೆ ಭಾವನ ತಟ್ಟೆಯ ಪಕ್ಕ ಚಿಪ್ಪಿನ ಗುಡ್ಡೆ. ಜೂನ್, ಜುಲೈಯ ಮಳೆಗಾಲದಲ್ಲಿ ಬಂದಿದ್ದರೆ ಮೀನು ಹಿಡಿಯುವ ಟ್ರಾಲ್ ಬೋಟುಗಳಿಗೆ ರಜೆ, ದ್ವೀಪಕ್ಕೂ ಬೋಟಿಲ್ಲ.

ಗಡ್‌ಬಡ್ ತಿನ್ನದೆ ಮಕ್ಕಳು ಬಿಡಲಿಲ್ಲ. ಉಡುಪಿಯಲ್ಲಿ ಹುಟ್ಟಿತೆನ್ನುವ ಐಸ್‌ಕ್ರೀಮನ್ನು ಉಡುಪಿಯಲ್ಲೇ ತಿನ್ನಬೇಕೆಂದು ಅಲ್ಲಿಯವರೆಗೂ ಹೋಗಿ ಬಂದೆವು.

ಸಂಜೆ ಕೋಡಿ ಬೆಂಗ್ರೆ. ನನ್ನನ್ನು ಕೇಳಿದರೆ ನೆಂಟರಿಗೆ ಮೊದಲು ತೋರಿಸಬೇಕಾದ್ದು ಇದು. ರಸ್ತೆಯ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಒಂದು ಸಾಲು ಮನೆ, ತೆಂಗು. ತುದಿಯಲ್ಲಿ ಸ್ವರ್ಣಾ, ಸೀತಾ ನದಿಗಳು ಕಡಲಿಗೆ ಸೇರುತ್ತವೆ. ಭಾವ ಅಲ್ಲಿ ಏನನ್ನೂ ಎಣಿಸಲಿಲ್ಲ, ಮಗುಚಿಟ್ಟ ದೋಣಿಗೆ ಒರಗಿ ಕತ್ತಲಾಗುವವರೆಗೆ ಸುಮ್ಮನೆ ಕೂತರು.

ಊರಿಗೆ ಹೋದ ಮೇಲೆ ಅಕ್ಕನ ಫೋನು. ಭಾವನ ಪ್ಯಾಂಟಿನ ಜೇಬಿನಲ್ಲಿ ಒಂದು ಚಿಪ್ಪು ಸಿಕ್ಕಿದೆ, ದ್ವೀಪದ್ದೋ ಹೋಟೆಲಿನದ್ದೋ ಗೊತ್ತಾಗುತ್ತಿಲ್ಲ ಎಂದಳು.

"ಮೂಸಿ ನೋಡು" ಎಂದೆ.