ಗೋದಾಮಿನ ಪರೀಕ್ಷಾ ಹಳಿ: ಈ ಮಳೆಗಾಲದ ಕೆಲಸ ಎಲ್ಲಿಗೆ ಬಂತು

ಪುಟಾಣಿ ಮಾದರಿ ರೈಲು ಓಡಿಸಲು ನಾನು ಕಟ್ಟುತ್ತಿರುವ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಘಾಟಿಯ ಮಾದರಿ ಈ ವರ್ಷ ಒಂದಿಂಚೂ ಮುಂದೆ ಹೋಗಿಲ್ಲ. ಬೇಕಂತಲೇ ನಿಲ್ಲಿಸಿದ್ದೇನೆ. ನಿಜವಾದ ಘಾಟಿಯಲ್ಲಿ ಸುಮಾರು 55 ಕಿ.ಮೀ. ಒಳಗೆ 57 ಸುರಂಗಗಳಿವೆ. ಅದರಲ್ಲಿ ನಾಲ್ಕೈದನ್ನಾದರೂ ಮಾಡಿದರೆ ತಾನೇ ಘಾಟಿ ಅನ್ನಿಸುವುದು? ಆದರೆ ಸುರಂಗದ ನಡುವೆ ವ್ಯಾಗನ್ ಹಳಿ ತಪ್ಪಿದರೆ ಕೈ ಹಾಕಲು ಜಾಗವಿರುವುದಿಲ್ಲ. ಕೆಡುವುದೆಲ್ಲ ಮೊದಲು ಕಣ್ಣೆದುರು, ಬಟಾಬಯಲಿನಲ್ಲಿ ಕೆಡಲಿ ಅಂತ ಪರೀಕ್ಷಾ ಹಳಿಯೊಂದನ್ನು ಹಾಕಲು ಹೊರಟೆ.

ಜಾಗ ಸಿಕ್ಕಿದ್ದು ಸೋಮವಾರಪೇಟೆ ಕಡೆಯ ನಮ್ಮ ತೋಟದ ಕಾಫಿ ಗೋದಾಮಿನಲ್ಲಿ. ಕಾಫಿ ಮಾರಿದ ಮೇಲೆ ಅದು ಖಾಲಿ. ವರ್ಷದ ಕೊನೆಗೆ ಅರೇಬಿಕಾ ಕುಯ್ಲು ಶುರುವಾದರೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಮೂಟೆಗಳು ಬರುತ್ತವೆ. ಅಪ್ಪ ಹಾಕಿದ ಷರತ್ತು ಒಂದೇ: ಮೊದಲ ಮೂಟೆ ಬರುವ ಹೊತ್ತಿಗೆ ನೆಲ ಕಾಣಬೇಕು. ಹಾಗಾಗಿ ಎಲ್ಲವೂ ಬಿಚ್ಚಿ ಅಟ್ಟಕ್ಕೆ ಏರಿಸುವಂತಿರಬೇಕು.

"ಕೊಡಗಿಗೇ ರೈಲಿಲ್ಲ, ನಿಮಗ್ಯಾಕೆ ಸಾರ್ ಟೆಸ್ಟ್ ಟ್ರ್ಯಾಕು?" ಅಂತ ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಕೇಳಿದರು. ಮೈಸೂರು–ಕುಶಾಲನಗರ ಮಾರ್ಗದ ಸರ್ವೆ, ಅಂದಾಜು ಪಟ್ಟಿಗಳ ಸುದ್ದಿಯನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದವನು ನಾನು. ಮಡಿಕೇರಿ ರಾಜಾಸೀಟಿನ ಪುಟಾಣಿ ರೈಲು ಬಿಟ್ಟರೆ ಜಿಲ್ಲೆಯಲ್ಲಿ ಹಳಿ ಅನ್ನುವುದನ್ನೇ ನೋಡದೆ ಬೆಳೆದ ತಲೆಮಾರು ನಮ್ಮದು. ಪುಷ್ಪಗಿರಿಯ ಆಚೆ ಬದಿಗೆ ಹೋದರೆ ಮಾತ್ರ ಘಾಟಿಯ ರೈಲು.

ಜೂನ್: ಆಕಾರ ಯಾವುದು?

ಪರೀಕ್ಷಾ ಹಳಿ ಅಂದ ಕೂಡಲೇ ಎಲ್ಲರೂ ಉದ್ದನೆಯ ನೇರ ದಾರಿಯನ್ನೇ ನೆನೆಯುತ್ತಾರೆ. ಮೊದಲ ದೊಡ್ಡ ಪರೀಕ್ಷೆ ನಡೆದದ್ದೂ ಹಾಗೆಯೇ. 1829ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲ್ವೆಯವರು ರೇನ್‌ಹಿಲ್ ಎಂಬಲ್ಲಿ ಎಂಜಿನ್‌ಗಳ ಪಂದ್ಯ ಇಟ್ಟಿದ್ದರು. ಬಹುಮಾನ 500 ಪೌಂಡ್. ಎಂಜಿನ್ ತನ್ನ ತೂಕದ ಮೂರರಷ್ಟು ಹೊರೆ ಎಳೆಯಬೇಕು, ಸುಮಾರು ಒಂದೂಮುಕ್ಕಾಲು ಮೈಲಿಯ ಸಮತಟ್ಟು ಹಳಿಯ ಮೇಲೆ ಹೋಗಿ ಬಂದು ಮಾಡುತ್ತಾ ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್‌ವರೆಗಿನ ದೂರವನ್ನು ಅಲ್ಲೇ ತುಂಬಿಸಬೇಕು. ಗೆದ್ದದ್ದು ಸ್ಟೀಫನ್‌ಸನ್‌ರ ರಾಕೆಟ್. ಕುದುರೆಯನ್ನು ಒಳಗೇ ಓಡಿಸಿ ನಡೆಸುವ 'ಸೈಕ್ಲೋಪೆಡ್' ಎಂಬ ಗಾಡಿಯೂ ಕಣಕ್ಕಿಳಿದಿತ್ತು!

ನನಗೆ ಉಪಯೋಗಕ್ಕೆ ಬಂದದ್ದು ಆ ನಿಯಮಗಳಲ್ಲಿನ ಒಂದು ಸಣ್ಣ ವಿವರ. ಎರಡೂ ತುದಿಯಲ್ಲಿ ಒಂದೆಂಟನೇ ಮೈಲಿಯಷ್ಟನ್ನು ವೇಗ ಹಿಡಿಯುವುದಕ್ಕೂ ನಿಲ್ಲುವುದಕ್ಕೂ ಬಿಟ್ಟು, ಮಧ್ಯದ ಒಂದೂವರೆ ಮೈಲಿಯನ್ನು ಮಾತ್ರ ಗಡಿಯಾರ ಹಿಡಿದು ಅಳೆದರು. ನನ್ನ ನೇರ ಹಳಿಯಲ್ಲೂ ವೇಗ ಅಳೆಯುವ ಸೆನ್ಸರ್‌ಗಳು ತುದಿಯಲ್ಲಿಲ್ಲ. ನಡುವಿನ ಒಂದು ಮೀಟರ್ ಮಾತ್ರ ಅಳತೆಯ ಜಾಗ.

ಆದರೆ ಬರೀ ನೇರ ಹಳಿಯಲ್ಲಿ ಪ್ರತಿ ಸಲ ನಿಲ್ಲಿಸಿ ಹಿಂದಿರುಗಬೇಕು. ಎಂಜಿನ್ ಗಂಟೆಗಟ್ಟಲೆ ಓಡಿ ಬಿಸಿಯಾದ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿಯಬೇಕಾದರೆ ಸುತ್ತು ಹಳಿಯೇ ಬೇಕು. ಮಾಸ್ಕೋ ಹತ್ತಿರದ ಶ್ಚೆರ್ಬಿಂಕಾದಲ್ಲಿ 1932ರಲ್ಲಿ ಶುರುವಾದ ವರ್ತುಲ ಇದಕ್ಕೆ ಅಪ್ಪಟ ಉದಾಹರಣೆ. ಸುತ್ತಳತೆ 6 ಕಿ.ಮೀ., ತ್ರಿಜ್ಯ 956 ಮೀಟರ್, ನೇರ ಭಾಗವೇ ಇಲ್ಲದ ಪೂರ್ತಿ ದುಂಡು. ನಾನು ಕಟ್ಟುವುದು ಎಚ್‌ಓ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲು. ಆ ಲೆಕ್ಕಕ್ಕೆ ಶ್ಚೆರ್ಬಿಂಕಾದ ತ್ರಿಜ್ಯ 11 ಮೀಟರ್ ಆಗುತ್ತದೆ. ನಮ್ಮ ಕಾಫಿ ಕಣದಲ್ಲಿ ಹಾಯಾಗಿ ಹಿಡಿಸುತ್ತದೆ! ಜೂನ್ ತಿಂಗಳಲ್ಲಿ ಕಣದ ಮೇಲೆ ಹಳಿ ಹಾಸುವ ಯೋಚನೆಗೆ ಮಳೆಯೇ ಉತ್ತರ ಕೊಟ್ಟಿತು.

ಪೂರ್ತಿ ದುಂಡಿಗೆ ಒಂದು ತೊಂದರೆಯಿದೆ. ರೈಲು ಸದಾ ಒಂದೇ ಕಡೆಗೆ ತಿರುಗುತ್ತಿದ್ದರೆ ಹೊರಗಿನ ಹಳಿಗೆ ತಾಗುವ ಚಕ್ರದ ಅಂಚು ಬೇಗ ಸವೆಯುತ್ತದೆ. ಆಗಾಗ ಗಾಡಿಯನ್ನೇ ತಿರುಗಿಸಿ ನಿಲ್ಲಿಸಬೇಕು. ಜೆಕ್ ದೇಶದ ವೆಲಿಮ್‌ನಲ್ಲಿ ಎರಡು ಸುತ್ತುಗಳಿವೆ: ದೊಡ್ಡದು 13.276 ಕಿ.ಮೀ., ಗಂಟೆಗೆ 210 ಕಿ.ಮೀ.ವರೆಗಿನ ಓಟಕ್ಕೆ, ಚಿಕ್ಕದು 3.951 ಕಿ.ಮೀ., ಅದರಲ್ಲಿ 300ರಿಂದ 800 ಮೀಟರ್‌ವರೆಗೆ ಬೇರೆ ಬೇರೆ ತ್ರಿಜ್ಯದ ತಿರುವುಗಳು. ಹೆಸರು ಮಾಡಿದ್ದು ದೊಡ್ಡದಾದರೂ ನನ್ನ ಮಟ್ಟಿಗೆ ಜಾಣತನ ಇರುವುದು ಚಿಕ್ಕದರಲ್ಲೇ. ಒಂದು ಸುತ್ತಿಗೆ ನಾಲ್ಕು ತರಹದ ತಿರುವು ಸಿಕ್ಕಿಬಿಡುತ್ತದೆ.

ಹಾಗಾಗಿ ನನ್ನದು ಒಂದು ಕಡೆ ದೊಡ್ಡ ಅರ್ಧವೃತ್ತ, ಇನ್ನೊಂದು ಕಡೆ ಬಿಗಿಯಾದ ತಿರುವುಗಳು. ದೊಡ್ಡದರ ತ್ರಿಜ್ಯ 2 ಮೀಟರ್. ಅದು ಸುಮ್ಮನೆ ಇಟ್ಟ ಸಂಖ್ಯೆಯಲ್ಲ. ನಮ್ಮ ಬ್ರಾಡ್‌ಗೇಜ್‌ನಲ್ಲಿ 10 ಡಿಗ್ರಿ ತಿರುವೆಂದರೆ 175 ಮೀಟರ್ ತ್ರಿಜ್ಯ (1750ನ್ನು ಡಿಗ್ರಿಯಿಂದ ಭಾಗಿಸಿದರಾಯಿತು). ಅದನ್ನು 87ರಿಂದ ಭಾಗಿಸಿದರೆ 2 ಮೀಟರ್ ಚಿಲ್ಲರೆ. ಇನ್ನೊಂದು ತುದಿಯಲ್ಲಿ 1 ಮೀಟರ್ ಮತ್ತು 75 ಸೆಂ.ಮೀ. ತಿರುವುಗಳು, ಯಾಕೆಂದರೆ ಮುಂದೆ ಕಟ್ಟುವ ಘಾಟಿಯ ಮಾದರಿಯಲ್ಲಿ ಜಾಗದ ಅಭಾವಕ್ಕೆ ಅಷ್ಟು ಬಿಗಿ ಮಾಡಲೇಬೇಕು.

ಗೇಜಿನ (ಎರಡು ಹಳಿಗಳ ನಡುವಿನ ಅಂತರದ) ಬಗ್ಗೆ ತಕರಾರು ಬರುತ್ತದೆ ಅಂತ ಗೊತ್ತು. ಎಚ್‌ಓ ಹಳಿಯ 16.5 ಮಿ.ಮೀ. ಪರದೇಶದ 1435 ಮಿ.ಮೀ. ಗೇಜಿಗೆ ಸರಿ. ನಮ್ಮ 1676 ಮಿ.ಮೀ.ಗೆ 19.3 ಬೇಕು. ಅಷ್ಟಕ್ಕಾಗಿ ಪ್ರತಿ ಪಾಯಿಂಟನ್ನೂ (ಹಳಿ ಕವಲೊಡೆಯುವ ಜಾಗ) ಕೈಯಲ್ಲಿ ಮಾಡಿಕೊಳ್ಳುವ ತಾಳ್ಮೆ ನನಗಿಲ್ಲ. ಅಂಗಡಿಯ ಹಳಿಯೇ ಸಾಕು.

ಜುಲೈ: ಮಳೆ, ಕರೆಂಟು

ಹಲಗೆಗೆ ತೋಟದ ಸಿಲ್ವರ್ ಓಕ್ ಉಪಯೋಗಿಸೋಣ ಅಂತ ಅಪ್ಪನ ಆಸೆ. ಆಚಾರಿ ಒಪ್ಪಲಿಲ್ಲ. ಈ ಶೀತಕ್ಕೆ ಅಗಲದ ಕಡೆ ಉಬ್ಬಿ ಹಲಗೆ ದೋಣಿಯಾಗುತ್ತದೆ ಅಂದರು. ಕೊನೆಗೆ ಮರೈನ್ ಪ್ಲೈವುಡ್ ಮೇಲ್ಪದರ, ಕೆಳಗೆ ಮಾತ್ರ ಸಿಲ್ವರ್ ಓಕ್ ಚೌಕಟ್ಟು, ಎರಡಕ್ಕೂ ವಾರ್ನಿಶ್. ನಿಕ್ಕಲ್ ಸಿಲ್ವರ್ ಹಳಿಗೂ ಈ ಹವೆಯಲ್ಲಿ ಮಸಿಯಂಥ ಪದರ ಬೇಗ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸುವುದು ದಿನದ ಮೊದಲ ಕೆಲಸ.

ಕರೆಂಟಿನ ಕಥೆ ಕೊಡಗಿನವರಿಗೆ ಹೇಳಬೇಕಿಲ್ಲ. ಮರ ಬಿದ್ದರೆ ಎರಡು ಮೂರು ದಿನ ಕತ್ತಲು. ಪುಣ್ಯಕ್ಕೆ ಎಚ್‌ಓ ಎಂಜಿನ್ ಓಡುವುದು 12 ವೋಲ್ಟ್ ಡಿಸಿಯಲ್ಲಿ, ಮನೆಯ ಯುಪಿಎಸ್ ಬ್ಯಾಟರಿಯೂ 12 ವೋಲ್ಟೇ. ಕಂಟ್ರೋಲರನ್ನು ಅದಕ್ಕೇ ಜೋಡಿಸಿದ್ದೇನೆ. ಮಧ್ಯೆ 2 ಆಂಪಿಯರ್ ಫ್ಯೂಸ್ ಕಡ್ಡಾಯ. ಹಳಿ ತಪ್ಪಿದ ಚಕ್ರ ಎರಡೂ ಹಳಿಗೆ ಅಡ್ಡ ಬಿದ್ದರೆ ಅಂಥ ಬ್ಯಾಟರಿ ತಂತಿಯನ್ನೇ ಕೆಂಪಗೆ ಕಾಯಿಸಬಲ್ಲದು.

ಆಗಸ್ಟ್: ಏರು ಮತ್ತು ಒಂದು ಅಚ್ಚರಿ

ಈ ಸಲದ ಮುಖ್ಯ ವಿಷಯ ಇದು, ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಘಾಟಿಯ ಏರು 50ಕ್ಕೆ 1, ಅಂದರೆ ಒಂದು ಮೀಟರ್ ಹೋದರೆ 2 ಸೆಂ.ಮೀ. ಮೇಲೆ. ಸುತ್ತಿನಿಂದ ಪಾಯಿಂಟ್ ಒಂದರಲ್ಲಿ ಕವಲು ತೆಗೆದು ಗೋಡೆಯುದ್ದಕ್ಕೆ 3 ಮೀಟರ್ ಹಲಗೆ ಇಟ್ಟೆ. ತುದಿ 6 ಸೆಂ.ಮೀ. ಎತ್ತರ. ಕೆಳಗೆ ಥ್ರೆಡ್ ರಾಡು, ನಟ್ಟು ತಿರುಗಿಸಿ ಏರನ್ನು ಹೆಚ್ಚು ಕಡಿಮೆ ಮಾಡಬಹುದು. ಎಂಜಿನ್‌ಗೆ ವ್ಯಾಗನ್ ಸಿಕ್ಕಿಸಿ ಬಿಟ್ಟರೆ ಆರಾಮಾಗಿ ಹತ್ತಿತು. ಸಮತಟ್ಟಿನಲ್ಲಿ ಎಳೆಯುವುದರ ಅರ್ಧದಷ್ಟು ವ್ಯಾಗನ್‌ಗಳನ್ನು ಏರಿನಲ್ಲೂ ಎಳೆಯುತ್ತದೆ. ನಿಜವಾದ ಘಾಟಿಯಲ್ಲಿ ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕಾಗುತ್ತದೆ. ನನ್ನ ಘಾಟಿಗೆ ಯಾಕೆ ಬೇಡ?

ಉತ್ತರ ಇರುವುದು ಚಕ್ರದ ಉರುಳಾಟದಲ್ಲಿ. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ನಿಧಾನಕ್ಕೆ ಉರುಳುವಾಗ ತಡೆ ತೀರಾ ಕಡಿಮೆ, ಒಂದು ಟನ್ನಿಗೆ ಸುಮಾರು 2 ಕೆ.ಜಿ. ಬಲ ಸಾಕು. 50ಕ್ಕೆ 1ರ ಏರು ಬಂದ ಕೂಡಲೇ ಗುರುತ್ವದ್ದೇ ಟನ್ನಿಗೆ 20 ಕೆ.ಜಿ. ಸೇರುತ್ತದೆ. ಅಂದರೆ ಎಳೆಯುವ ಕೆಲಸ ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ಮಾದರಿಯಲ್ಲಿ ಹಾಗಲ್ಲ. ಖಾಲಿ ವ್ಯಾಗನ್ ಇಟ್ಟು ಹಲಗೆಯನ್ನು ನಿಧಾನಕ್ಕೆ ಎತ್ತುತ್ತಾ ಹೋದೆ. 50ಕ್ಕೆ 1ಕ್ಕೆ ಬರುವವರೆಗೂ ಅದು ತಾನಾಗಿ ಉರುಳಲೇ ಇಲ್ಲ. ಚಕ್ರ ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟು, ಸಣ್ಣ ಅಚ್ಚು, ಅದರ ತಡೆಯೇ ತೂಕದ ನೂರಕ್ಕೆ ಎರಡರಷ್ಟು. ಆ ಎರಡಕ್ಕೆ ಏರಿನ ಎರಡು ಸೇರಿದರೆ ದುಪ್ಪಟ್ಟಾಯಿತು, ಅಷ್ಟೇ. ಘಾಟಿಯ ಬಿಸಿ ಎಂಜಿನ್‌ಗೆ ತಟ್ಟುವುದೇ ಇಲ್ಲ.

ಎರಡು ದಾರಿಗಳಿವೆ. ಒಂದು, ಅಚ್ಚಿನ ತುದಿಗೆ ಹಿತ್ತಾಳೆಯ ಬುಶ್ (ಅಚ್ಚು ತಿರುಗುವ ಪುಟ್ಟ ಬಳೆ) ಹಾಕಿ ಉರುಳಾಟದ ತಡೆ ಇಳಿಸುವುದು. ಇನ್ನೊಂದು, ಏರನ್ನೇ 30ಕ್ಕೆ 1 ಮಾಡುವುದು. ಮೊದಲನೆಯದು ದುಬಾರಿ, ಆದರೆ ಇಳಿಜಾರಿನಲ್ಲಿ ರೈಲು ಹಿಡಿತ ತಪ್ಪಿ ಓಡುವ ಭಯವೂ ನಿಜದಂತೆ ಬರುತ್ತದೆ. ನನಗೆ ಅದೇ ಬೇಕು. ಕೆಲವು ವ್ಯಾಗನ್‌ಗಳಿಗೆ ಬುಶ್ ಕೂರಿಸಿ ಆಗಿದೆ, ಹಲಗೆಯ ಮೇಲೆ ಅವು ಬೇಗ ಜಾರತೊಡಗಿವೆ.

ಸೆಪ್ಟೆಂಬರ್: ಅಲುಗಾಟ

ನಮ್ಮ ದೇಶದಲ್ಲಿ ಹೊಸ ಬೋಗಿಯೋ ಎಂಜಿನ್ನೋ ಬಂದರೆ ರೈಲ್ವೆಯ ಸಂಶೋಧನಾ ಸಂಸ್ಥೆಯಾದ ಲಕ್ನೋದ ಆರ್‌ಡಿಎಸ್‌ಓ ಆಸಿಲೇಶನ್ ಟ್ರಯಲ್ ಮಾಡುತ್ತದೆ. ಬೇರೆ ಬೇರೆ ವೇಗದಲ್ಲಿ ಓಡಿಸಿ ಗಾಡಿ ಎಷ್ಟು ತೊನೆಯುತ್ತದೆ ಅಂತ ಅಳೆಯುವುದು. ಬೆಂಗಳೂರು ಮೆಟ್ರೋದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಜನರಿಗೆ ತೆರೆಯುವ ಮುಂಚೆಯೂ ಅದು ಆಗಿತ್ತು. ಮುಖ್ಯ ಮಾರ್ಗದ ಗಾಡಿಗಳಿಗೆ ಬಹಳ ಕಾಲ ಪ್ರಯಾಣಿಕರ ರೈಲು ಓಡುವ ಹಳಿಯೇ ಗತಿ. ಕೋಟಾ ವಿಭಾಗದಲ್ಲಿ ರೈಲುಗಳ ನಡುವೆ ಬಿಡುವು ಮಾಡಿಕೊಂಡು ಓಡಿಸಬೇಕಿತ್ತು. ಅದಕ್ಕೇ ರಾಜಸ್ಥಾನದಲ್ಲಿ ಸಾಂಭರ್ ಸರೋವರದ ಕಡೆ ಗುಢಾ–ಠಠಾಣಾ ಮಿಠ್ಡಿ ನಡುವೆ ಸುಮಾರು 60 ಕಿ.ಮೀ. ಪ್ರತ್ಯೇಕ ಪರೀಕ್ಷಾ ಹಳಿಯ ಯೋಜನೆ ಕೈಗೆತ್ತಿಕೊಂಡದ್ದು. ಗುರಿ ಗಂಟೆಗೆ 220 ಕಿ.ಮೀ.

2025ರ ಜನವರಿಯಲ್ಲಿ ವಂದೇ ಭಾರತ್ ಸ್ಲೀಪರ್ 180 ಕಿ.ಮೀ. ವೇಗದಲ್ಲಿ ಓಡುವಾಗ ನೀರಿನ ಲೋಟ ಇಟ್ಟು ತೋರಿಸಿದ ವಿಡಿಯೋ ಎಲ್ಲರೂ ನೋಡಿರುತ್ತೀರಿ. ಕುಶಾಲನಗರದಲ್ಲಿ ಪಾಲಿಟೆಕ್ನಿಕ್ ಓದುವ ತಂಗಿಯ ಮಗ ಭಾನುವಾರ ಬಂದವನು ಕೇಳಿದ: "ಮಾವ, ನಾವೂ ಲೋಟ ಇಡೋಣ್ವಾ?"

"ಲೋಟ ಚೆಲ್ಲಿದ್ರೆ ಎಷ್ಟು ಅಲುಗಾಡ್ತು ಅಂತ ಹೇಳ್ತದಾ?"

ಅವನಿಗೆ ಅಷ್ಟು ಸಾಕಾಯಿತು. ಮುಂದಿನ ವಾರ ಒಂದು ಚಪ್ಪಟೆ ವ್ಯಾಗನ್ ಮೇಲೆ ಈಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಅಲುಗಾಟ ಅಳೆಯುವ ಎಂಪಿಯು-6050 ಸೆನ್ಸರು, ಸಣ್ಣ ಲಿಥಿಯಂ ಬ್ಯಾಟರಿ ಕೂರಿಸಿ ತಂದ. ವೈಫೈಯಲ್ಲಿ ಫೋನಿಗೆ ಗೆರೆ ಬರುತ್ತದೆ. ಪಕ್ಕಕ್ಕೆ ತೊನೆಯುವುದು, ಮೇಲೆ ಕೆಳಗೆ ಕುಣಿಯುವುದು ಬೇರೆ ಬೇರೆ ಬಣ್ಣ. ಹಳಿಯ ಪ್ರತಿ ಕೂಡು ಆ ಗೆರೆಯಲ್ಲಿ ಮುಳ್ಳಿನಂತೆ ಏಳುತ್ತದೆ, ಯಾವ ಕೂಡು ಕೆಟ್ಟಿದೆ ಅಂತ ಕೈ ತೋರಿಸಿ ಹೇಳಬಹುದು. ನೇರದಿಂದ 75 ಸೆಂ.ಮೀ. ತಿರುವಿಗೆ ಹೊಗುವ ಜಾಗದಲ್ಲಿ ಗೆರೆ ನೆಟ್ಟಗೆ ಮೇಲೇರುತ್ತಿತ್ತು. ಅಲ್ಲಿ ಅಂಗೈಯುದ್ದದ ಸಡಿಲ ತಿರುವು ಸೇರಿಸಿದ ಮೇಲೆ ಗೆರೆಯ ಏರು ಓರೆಯಾಯಿತು.

ಕೆಟ್ಟ ಕೂಡುಗಳನ್ನೆಲ್ಲ ಸರಿ ಮಾಡಲು ಹೋಗಿಲ್ಲ. ಒಂದನ್ನು ಬೇಕಂತಲೇ ಅರ್ಧ ಮಿ.ಮೀ. ತಗ್ಗಿಸಿ ಬಿಟ್ಟಿದ್ದೇನೆ. ಅಮೆರಿಕದ ಕೊಲೊರಾಡೋ ರಾಜ್ಯದ ಪ್ಯೂಬ್ಲೋದಲ್ಲಿ 1976ರಿಂದ ಭಾರದ ರೈಲುಗಳನ್ನು ಒಂದೇ ಸುತ್ತಿನಲ್ಲಿ ಓಡಿಸಿ ಓಡಿಸಿ ಹಳಿಯನ್ನೇ ಸವೆಸಿದರು, ಯಾವ ಉಕ್ಕು ಎಷ್ಟು ತಾಳುತ್ತದೆ ಅಂತ ನೋಡಲು. ಇಂಗ್ಲೆಂಡಿನ ಓಲ್ಡ್ ಡಾಲ್ಬಿ ಪರೀಕ್ಷಾ ಹಳಿಯಲ್ಲಿ 1984ರ ಜುಲೈನಲ್ಲಿ ಗಂಟೆಗೆ 100 ಮೈಲಿ ವೇಗದ ರೈಲನ್ನು ಅಣು ಇಂಧನ ಸಾಗಿಸುವ ಉಕ್ಕಿನ ಪೆಟ್ಟಿಗೆಗೆ ನೇರ ಡಿಕ್ಕಿ ಹೊಡೆಸಿದರು. ಎಂಜಿನ್ ನುಚ್ಚುನೂರು, ಪೆಟ್ಟಿಗೆ ಒಡೆಯಲಿಲ್ಲ. ನನ್ನ ಅರ್ಧ ಮಿ.ಮೀ. ತಗ್ಗು ಅದರ ಮುಂದೆ ಏನೂ ಅಲ್ಲ. ಆದರೆ ಯಾವ ವ್ಯಾಗನ್ ಅದನ್ನು ದಾಟಿ ತಿರುವಿನಲ್ಲೂ ನಿಲ್ಲುತ್ತದೋ ಅದಕ್ಕೆ ಮಾತ್ರ ಸುರಂಗದೊಳಗೆ ಪ್ರವೇಶ. ತಪ್ಪಿದವುಗಳಲ್ಲಿ ಹೆಚ್ಚಿನವಕ್ಕೆ ಚಕ್ರಗಳ ಒಳ ಅಂತರವೇ ಕಡಿಮೆ ಇತ್ತು. ಸುಮಾರು 14.4 ಮಿ.ಮೀ. ಇರಬೇಕಾದದ್ದು 14ರ ಹತ್ತಿರ. (ನಿಜವಾದ ಬ್ರಾಡ್‌ಗೇಜ್‌ನಲ್ಲಿ ಇದೇ ಅಂತರ 1600 ಮಿ.ಮೀ., ಅಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸವೂ ದೊಡ್ಡ ವಿಷಯ.)

ಇನ್ನೊಂದು ಪರೀಕ್ಷೆ ನೋಡಲು ಮಜವಾಗಿತ್ತು. ಉದ್ದ ರೈಲಿನ ನಡುವೆ ಹಗುರಾದ ಖಾಲಿ ವ್ಯಾಗನ್ ಇಟ್ಟು, ಹಿಂದೆ ಭಾರ ಹಾಕಿ, ಬಿಗಿ ತಿರುವಿನಲ್ಲಿ ಜೋರಾಗಿ ಎಳೆದರೆ ಆ ಖಾಲಿ ವ್ಯಾಗನ್ ಒಳಕ್ಕೆ ಮಗುಚುತ್ತದೆ. ಅದೇ ರೈಲಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಕೊಟ್ಟರೆ ಎಳೆತ ಇಬ್ಭಾಗವಾಗಿ ಮಗುಚುವುದಿಲ್ಲ. ಬ್ಯಾಂಕರ್ ಹಿಂದಿರುವುದರಿಂದ ಆಗುವ ಲಾಭಗಳಲ್ಲಿ ಇದೂ ಒಂದು.

ಅಕ್ಟೋಬರ್: ಬಾಕಿ

ನಿಧಾನದ ಓಟ ಇನ್ನೂ ಸರಿಹೋಗಿಲ್ಲ. ಮಾದರಿಯ ಅಳತೆಯಲ್ಲಿ ಗಂಟೆಗೆ 30 ಕಿ.ಮೀ. ತೋರಿಸಬೇಕಾದರೆ ಸೆನ್ಸರ್‌ಗಳ ನಡುವಿನ ಒಂದು ಮೀಟರ್ ದಾಟಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕು. ಹಳೆಯ ಎಂಜಿನ್ ಅಷ್ಟು ನಿಧಾನದಲ್ಲಿ ಜರ್ಕ್ ಹೊಡೆಯುತ್ತದೆ. ಮೋಟರ್ ಬದಲಿಸುವ ಮುಂಚೆ ಪಲ್ಸ್ (ಬಿಟ್ಟು ಬಿಟ್ಟು ಕರೆಂಟು) ಕೊಡುವ ಕಂಟ್ರೋಲರ್ ಒಂದನ್ನು ಹಚ್ಚಿ ನೋಡಬೇಕು. ರೈಲನ್ನು ತಿರುಗಿಸುವ ಲೂಪ್ ಹಾಕಿಲ್ಲ. ಎರಡು ಹಳಿಯ ಡಿಸಿಯಲ್ಲಿ ಲೂಪ್ ಹಾಕಿದರೆ ಪ್ಲಸ್ಸು ಮೈನಸ್ಸು ಒಂದಕ್ಕೊಂದು ಬಡಿಯುತ್ತವೆ. ಅದಕ್ಕೆ ಬೇಕಾದ ಸ್ವಿಚ್ಚಿನ ವೈರಿಂಗ್ ಅಳಿಯನ ಪಾಲಿಗೆ. ಅಲ್ಲಿಯವರೆಗೆ ವ್ಯಾಗನ್‌ಗಳನ್ನು ಕೈಯಲ್ಲೇ ಎತ್ತಿ ತಿರುಗಿಸುತ್ತೇವೆ.

ಕಪ್ಲಿಂಗಿನ (ವ್ಯಾಗನ್‌ಗಳನ್ನು ಸಿಕ್ಕಿಸುವ ಕೊಕ್ಕೆಯ) ಎತ್ತರ ನೋಡುವ ಅಳತೆ ಸಾಧನವನ್ನು ಹಿತ್ತಾಳೆಯಲ್ಲಿ ಮಾಡಿಸಲು ಕುಶಾಲನಗರದ ಲೇತ್‌ನವರಿಗೆ ಕೊಟ್ಟಿದ್ದೇನೆ. ದೀಪಾವಳಿಗೆ ಮುಂಚೆ ಅದು ಕೈಗೆ ಬಂದರೆ ಉಳಿದ ವ್ಯಾಗನ್‌ಗಳ ಪರೀಕ್ಷೆ ಮುಗಿಸಿ ಹಲಗೆಗಳನ್ನು ಅಟ್ಟಕ್ಕೆ ಏರಿಸುವುದು. ಬರದಿದ್ದರೆ ಆ ವ್ಯಾಗನ್‌ಗಳು ಮಾರ್ಚ್‌ವರೆಗೆ ಕಾಯಲಿ.