ಇಳಿತದ ಹೊತ್ತು

"ಕರಿನೀರಿಗೆ ಯಾರಾದ್ರೂ ರಜೆ ಕಳೆಯೋಕೆ ಅಂತ ಹೋಗ್ತಾರೇನಮ್ಮಾ?"

ಅತ್ತೆ ಹೀಗೆ ಕೇಳಿದ್ದು 2025ರ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ. ಬೇಸಿಗೆ ರಜೆಗೆ ಎಲ್ಲರೂ ಅಂಡಮಾನ್‌ಗೆ ಹೋಗೋಣ ಎಂದು ನಾನು ಆಗಷ್ಟೇ ಬಾಯಿಬಿಟ್ಟಿದ್ದೆ. ಅವರದು ಕುಹಕದ ಮಾತಲ್ಲ. ಅವರು ಕೇಳಿ ಬೆಳೆದ ಅಂಡಮಾನ್ ಅಂದರೆ ಕಡಲಾಚೆಯ ಜೈಲು, ಹೋದವರು ತಿರುಗಿ ಬಂದರೆ ಪುಣ್ಯ ಎನ್ನುವಂಥ ಜಾಗ. ಹದಿಮೂರರ ಮಗಳಿಗೆ ಅದೇ ಅಂಡಮಾನ್ ಅಂದರೆ ಹವಳ. ಎಂಟರ ಮಗನಿಗೆ ಜ್ವಾಲಾಮುಖಿ. ದೇಶದಲ್ಲಿ ಜೀವಂತವಾಗಿರುವ ಒಂದೇ ಒಂದು ಜ್ವಾಲಾಮುಖಿ ಅಲ್ಲಿನ ಬ್ಯಾರನ್ ದ್ವೀಪದಲ್ಲಿದೆ ಎಂದು ಎಲ್ಲೋ ಓದಿ, ಅದನ್ನು ನೋಡದೆ ಬರುವುದಿಲ್ಲ ಎಂದು ಹಟ ಹಿಡಿದು ಕೂತಿದ್ದ. ನಮ್ಮೆಜಮಾನರಿಗೆ ನೆರಳಿರುವ ಕಡೆ ಒಂದು ವಾರ ಸುಮ್ಮನೆ ಬಿದ್ದುಕೊಂಡಿದ್ದರೆ ಸಾಕು.

ನನ್ನ ಕೈಯಲ್ಲಿ ಏಜೆಂಟರೊಬ್ಬರು ಕಳಿಸಿದ್ದ ಪಟ್ಟಿ ಇತ್ತು. ಐದು ರಾತ್ರಿ, ಆರು ಹಗಲು, ಹನ್ನೊಂದು ಜಾಗ. ಒಂದು ದಿನವಂತೂ ಬೆಳಗಿನ ಜಾವ ಮೂರಕ್ಕೆ ಎದ್ದು ಬಾರಾಟಾಂಗ್ ದ್ವೀಪಕ್ಕೆ ಹೊರಟು ಕತ್ತಲಾದ ಮೇಲೆ ವಾಪಸ್. ನೀಲ್ ದ್ವೀಪಕ್ಕೆ ಕೊಟ್ಟದ್ದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಮಾತ್ರ. ಮೊದಲ ಸಲ ಓದಿದಾಗ ದುಡ್ಡಿಗೆ ತಕ್ಕ ಹಾಗಿದೆ ಅನ್ನಿಸಿತ್ತು. ಮಂಡಿನೋವಿನ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದುವಾಗ ಮಾತ್ರ ಅರ್ಧಕ್ಕೇ ನನಗೆ ದಣಿವಾಯಿತು.

"ಅದನ್ನ ಪಕ್ಕಕ್ಕಿಡು, ನಾವೇ ಬರೆಯೋಣ" ಎಂದರು ಇವರು. ಮಗಳು ತನ್ನ ಹಳೆಯ ನೋಟ್‌ಬುಕ್ಕಿನ ನಡುವಿಂದ ಜೋಡಿ ಹಾಳೆ ಕಿತ್ತು ಊಟದ ಮೇಜಿನ ಮೇಲೆ ಹರಡಿದಳು.

ತಿಂಗಳು ಯಾವುದೆಂದು ತೀರ್ಮಾನಿಸಲು ಹೊತ್ತು ಹಿಡಿಯಲಿಲ್ಲ. ಮುಂಗಾರು ದೇಶಕ್ಕೆ ಕಾಲಿಡುವುದೇ ಆ ದ್ವೀಪಗಳ ಕಡೆಯಿಂದ, ಸಾಮಾನ್ಯವಾಗಿ ಮೇ ಮೂರನೇ ವಾರದ ಹೊತ್ತಿಗೆ. ಆಮೇಲೆ ಕಡಲು ಏಳುತ್ತದೆ, ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿಗಳು ಯಾವಾಗ ನಿಲ್ಲುತ್ತವೋ ಹೇಳಲಾಗದು. ಮಾರ್ಚ್–ಏಪ್ರಿಲ್‌ನಲ್ಲಿ ಬಿಸಿಲು ಸುಡುತ್ತದೆ, ಆದರೆ ನೀರು ಶಾಂತ. ಸೆಕೆ ತಡೆದುಕೊಳ್ಳಬಹುದು, ಅಲೆ ಆಗದು ಎಂದು ಏಪ್ರಿಲ್ ಎರಡನೇ ವಾರವನ್ನು ಹಿಡಿದೆವು. (ಆ ವರ್ಷ ಮುಂಗಾರು ಮೇ 13ಕ್ಕೇ ನಿಕೋಬಾರ್ ಮುಟ್ಟಿತು. ಮೇ ಮಧ್ಯದವರೆಗೂ ಧೈರ್ಯವಾಗಿ ಹೋಗಬಹುದು ಎಂದಿದ್ದವರ ಮಾತು ಕೇಳದೆ ಹೋದದ್ದು ಒಳ್ಳೆಯದಾಯಿತು.)

ಸಿಕ್ಕು ಬಿದ್ದದ್ದು ಆಮೇಲೆ. ಹ್ಯಾವ್ಲಾಕ್ ದ್ವೀಪದ ಕಡಲದಂಡೆಗೆಂದು ನಾನು ಹಾಳೆಯ ಮೇಲೆ 'ಸಂಜೆ 6: ಸೂರ್ಯಾಸ್ತ, ರಾಧಾನಗರ' ಎಂದು ಬರೆದೆ. ಮಗಳು ಮೊಬೈಲ್ ನೋಡಿ, "ಅಮ್ಮಾ, ಆರಕ್ಕೆ ಅಲ್ಲಿ ಕತ್ತಲು" ಅಂದಳು. ಹೌದಲ್ಲ! ನಮ್ಮ ಗಡಿಯಾರ ಹೊಂದಿಕೊಂಡಿರುವುದು 82.5 ಡಿಗ್ರಿ ರೇಖಾಂಶಕ್ಕೆ, ಅಂಡಮಾನ್ ಇರುವುದು ಅದಕ್ಕಿಂತ ಹತ್ತು ಡಿಗ್ರಿ ಪೂರ್ವಕ್ಕೆ. ಒಂದೊಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕ ಹಾಕಿದರೆ ಸೂರ್ಯ ಅಲ್ಲಿ ನಲವತ್ತು ನಿಮಿಷ ಮುಂದೆ. ಏಪ್ರಿಲ್‌ನಲ್ಲಿ ಐದು ದಾಟುತ್ತಿದ್ದಂತೆ ಹುಟ್ಟಿ, ಸಂಜೆ ಐದೂವರೆಗೆ ಮುಳುಗುತ್ತಾನೆ. ಅಲ್ಲಿ ಹಗಲೆಂದರೆ ಬೆಳಗ್ಗೆಯೇ. ಎಂಟಕ್ಕೆ ಎದ್ದು ಹತ್ತಕ್ಕೆ ಹೊರಡುವ ನಮ್ಮ ರಜೆಯ ಅಭ್ಯಾಸ ಅಲ್ಲಿ ನಡೆಯದು. ಬರೆದಿದ್ದ ಸಮಯಗಳನ್ನೆಲ್ಲ ಹೊಡೆದು ಹಾಕಿದೆ.

ಹಾಗೆ ಹೊಡೆದು ಹಾಕುವಾಗಲೇ ಅತ್ತೆ ಒಂದು ಮಾತು ಅಂದರು: "ಸಮುದ್ರಕ್ಕೆ ಹೋಗೋರು ಹುಣ್ಣಿಮೆ ಅಮಾವಾಸ್ಯೆ ನೋಡಲ್ವೇನೇ?"

ಇಡೀ ದಿನ ತಿರುಗಿದ್ದು ಈ ಮಾತಿನ ಮೇಲೆ. ನೀಲ್ ದ್ವೀಪದ ಲಕ್ಷ್ಮಣಪುರದ ಒಂದು ದಂಡೆಯಲ್ಲಿ ಕಡಲು ಕೊರೆದ ಕಲ್ಲಿನ ಸೇತುವೆಯಿದೆ. ಅಲ್ಲಿಗೆ ಬಂಡೆಗಳ ಮೇಲೆ ನಡೆದು ಹೋಗಬಹುದು, ಆದರೆ ಇಳಿತದ ಹೊತ್ತಿನಲ್ಲಿ ಮಾತ್ರ. ಉಬ್ಬರವಿದ್ದರೆ ದೂರದಿಂದಲೇ ಕೈಮುಗಿಯಬೇಕು. ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ಎಳೆಯುವ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಎಲ್ಲಕ್ಕಿಂತ ಮೇಲೇರುತ್ತದೆ, ಎಲ್ಲಕ್ಕಿಂತ ಕೆಳಗಿಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಆ ಅಂತರ ಕಡಿಮೆ. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುವ ಹಾಗೆ ಇಳಿತವೂ ದಿನದಿನಕ್ಕೆ ತಡವಾಗುತ್ತಾ ಹೋಗುತ್ತದೆ. ಮಗಳು ಉಬ್ಬರವಿಳಿತದ ಕೋಷ್ಟಕ ಹುಡುಕಿ ತೆಗೆದಳು. ಏಪ್ರಿಲ್ 13ರ ಬೆಳಗ್ಗೆ ಹುಣ್ಣಿಮೆ. ಅಂದು ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ತುಂಬು ಉಬ್ಬರ, ಮಧ್ಯಾಹ್ನ ನಾಲ್ಕಕ್ಕೆ ಸ್ವಲ್ಪ ಮುಂಚೆ ಪೂರ್ತಿ ಇಳಿತ.

ಏಜೆಂಟರ ಪಟ್ಟಿ ಇನ್ನೊಮ್ಮೆ ತೆಗೆದು ನೋಡಿದೆ. ಒಂಬತ್ತಕ್ಕೆ ಬಂದು ಎರಡಕ್ಕೆ ಹೊರಡುವವರು ಅಂಥ ದಿನ ಅಲ್ಲಿ ಕಾಣುವುದು ಬರೀ ನೀರು. ಯಾವ ದಿನ ಹೋದರೂ ಅದೇ ಹೊತ್ತು, ಅದೇ ಐದು ಗಂಟೆ! ಆ ಪಟ್ಟಿ ಬರೆದವರ ಲೆಕ್ಕದಲ್ಲಿ ಕಡಲು ಕದಲುವುದೇ ಇಲ್ಲ. ದ್ವೀಪಕ್ಕೆ ಹೋಗುವವರು ಮೊದಲು ಹೋಟೆಲ್ ಹುಡುಕಬಾರದು, ಮೊದಲು ನೀರಿನ ಸಮಯ ನೋಡಬೇಕು ಎಂದು ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಅಂದು ನಾವು ಮಾಡಿದ್ದೂ ಅದನ್ನೇ. 13ನೇ ತಾರೀಖಿನ ಸಾಲಿನಲ್ಲಿ ನೀಲ್ ಎಂದು ಬರೆದು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಉಳಿದ ದಿನಗಳನ್ನು ಜೋಡಿಸಿದೆವು. ಬೆಳಗಿನ ಉಬ್ಬರದಲ್ಲಿ ಭರತಪುರದಲ್ಲಿ ಹವಳ ನೋಡುವುದು, ನೀರಿಳಿದ ಮೇಲೆ ಸೇತುವೆ. ಇಳಿತದಲ್ಲಿ ಹವಳದ ನಡುವೆ ಇಳಿದರೆ ಕಾಲು ಅದರ ಮೇಲೇ ಬೀಳುತ್ತದೆ. ಒಂದು ಹೆಜ್ಜೆಗೆ ಮುರಿದದ್ದು ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು. ಮಗಳು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದಳು: 'ಬೆಳಿಗ್ಗೆ ಮಾತ್ರ.'

ನೀಲ್‌ನ ಊರುಗಳ ಹೆಸರು ಅತ್ತೆಗೆ ಬಹಳ ಹಿಡಿಸಿತು. ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ಕಾಡು ಕಡಿದು ಕಟ್ಟಿಕೊಂಡ ಹಳ್ಳಿಗಳವು. "ಮನೆ ಕಳ್ಕೊಂಡು ಬಂದೋರಿಗೆ ವನವಾಸದ ಹೆಸರೇ ಅಲ್ವಾ ನೆನಪಾಗೋದು" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಸರ್ಕಾರಿ ಲೆಕ್ಕದಲ್ಲಿ 2018ರಿಂದ ನೀಲ್ ಶಹೀದ್ ದ್ವೀಪ, ಹ್ಯಾವ್ಲಾಕ್ ಸ್ವರಾಜ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಗಿದೆ. ನಮ್ಮ ಹಾಳೆಯಲ್ಲಿ ಮಾತ್ರ ಹಳೆಯ ಹೆಸರುಗಳೇ ಉಳಿದವು.

ಬಾರಾಟಾಂಗ್ ಬಗ್ಗೆ ಜಗಳವೇ ಆಯಿತು. ಅಲ್ಲಿ ಸುಣ್ಣದ ಕಲ್ಲಿನ ಗುಹೆಗಳಿವೆ, ಬುಳುಬುಳು ಎನ್ನುವ ಕೆಸರಿನ ಜ್ವಾಲಾಮುಖಿಯೂ ಇದೆ. ಬ್ಯಾರನ್ ಕೈತಪ್ಪಿದ ಮೇಲೆ (ಅಲ್ಲಿ ದಡಕ್ಕೆ ಇಳಿಯಲು ಬಿಡುವುದಿಲ್ಲ) ಮಗನಿಗೆ ಉಳಿದಿದ್ದ ಆಸೆ ಅದೊಂದೇ. ಆದರೆ ರಸ್ತೆ ಹಾದು ಹೋಗುವುದು ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ನಡುವೆ. ವಾಹನಗಳನ್ನು ಸಾಲಾಗಿ, ಗೊತ್ತಾದ ಹೊತ್ತಿಗೆ, ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಆ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು, ಆದರೂ ಓಡಾಟ ನಿಂತಿಲ್ಲ. ಕಾನೂನಿನ ಪ್ರಕಾರ ಹೋಗಬಹುದು ಎಂದು ಇವರು ವಾದಿಸಿದರು. ನಾನು ಒಪ್ಪಲಿಲ್ಲ. ಇನ್ನೊಬ್ಬರ ಅಂಗಳದಲ್ಲಿ, ಅವರು ಕರೆಯದೆ, ಪ್ರತಿದಿನ ಸಾಲುಗಟ್ಟಿ ಹಾದುಹೋಗುವವರಲ್ಲಿ ನಮ್ಮ ಮಕ್ಕಳೂ ಸೇರುವುದು ನನಗೆ ಬೇಡವಾಗಿತ್ತು. ಮಗ ಅತ್ತ. ಅವನನ್ನು ಸಮಾಧಾನ ಮಾಡಲು ಒಂದು ಇಡೀ ದಿನ ಅವನದೇ ಎಂದು ಬಿಟ್ಟುಕೊಟ್ಟೆವು. ಹ್ಯಾವ್ಲಾಕ್‌ನ ಎರಡನೇ ದಿನದ ಮುಂದೆ ಅವನು ತನ್ನ ಹೆಸರು ಬರೆದುಕೊಂಡ.

ಸಂಜೆಯ ಹೊತ್ತಿಗೆ ಹಾಳೆ ಸಿದ್ಧವಾಯಿತು. ಏಳು ರಾತ್ರಿ, ಮೂರು ಊರು. ಕೊನೆಯ ರಾತ್ರಿ ಪೋರ್ಟ್ ಬ್ಲೇರಿನಲ್ಲೇ, ದೋಣಿ ತಪ್ಪಿದರೂ ವಿಮಾನ ತಪ್ಪದಿರಲಿ ಎಂದು. ಎರಡು ಸಾಲುಗಳಲ್ಲಿ 'ಖಾಲಿ' ಎಂದಷ್ಟೇ ಇತ್ತು. ಅಷ್ಟು ಖರ್ಚು ಮಾಡಿ ಹೋಗಿ ಖಾಲಿ ಕೂರುವುದೇ ಎಂದು ನನ್ನ ಕೈ ಅಲ್ಲಿ ಏನಾದರೂ ತುಂಬಲು ನಾಲ್ಕಾರು ಸಲ ಹೋಯಿತು. ಇವರು ಪೆನ್ನು ಕಿತ್ತಿಟ್ಟುಕೊಂಡರು.

ಹೊರಡುವವರೆಗಿನ ಎಂಟು ವಾರ ಮನೆಯೇ ಒಂದು ದ್ವೀಪದಂತಾಯಿತು. ಮಗಳು ಈಜು ತರಗತಿಗೆ ಸೇರಿದಳು. ಮಗನಿಗೆ ನೀರಿನಲ್ಲಿ ಮುಖ ಮುಳುಗಿಸುವುದೆಂದರೆ ಜೀವಭಯ. ಸ್ನಾರ್ಕೆಲ್ ಮಾಸ್ಕ್ ತಂದು, ಬಚ್ಚಲಲ್ಲಿ ದೊಡ್ಡ ಬಕೆಟ್ ತುಂಬಿಸಿ, ತಳದಲ್ಲಿ ನಾಣ್ಯ ಹಾಕಿದೆ. "ಹೂವಾ, ಅಂಕಿಯಾ ಹೇಳು." ಮೊದಲ ದಿನ ಮೂರು ಸೆಕೆಂಡ್. ಕೊಳವೆಯಲ್ಲಿ ಉಸಿರು ಗೊರಗೊರ ಎನ್ನುವುದು, ಗಾಬರಿಯಲ್ಲಿ ತಲೆ ಎತ್ತುವುದು, ಗಾಜಿನ ಒಳಗೆ ಅಗಲವಾದ ಎರಡು ಕಣ್ಣು. ಮೂರನೇ ವಾರಕ್ಕೆ ನಾಣ್ಯದ ಇಸವಿ ಓದಿ ಹೇಳತೊಡಗಿದ. ಸನ್‌ಸ್ಕ್ರೀನಿನ ಕೆಲವು ರಾಸಾಯನಿಕಗಳು ಹವಳಕ್ಕೆ ಕೆಡುಕೆಂದು ಹವಾಯಿಯಲ್ಲಿ 2021ರಿಂದ ಮಾರಾಟವನ್ನೇ ನಿಲ್ಲಿಸಿದ್ದಾರೆ ಎಂದು ಮಗಳು ಹೇಳಿದ ಮೇಲೆ, ತೋಳು ಕತ್ತು ಮುಚ್ಚುವ ಈಜುಡುಪು ಕೊಂಡೆ. ಎಲ್ಲರಿಗೂ ಹಳೆಯ ಕ್ಯಾನ್ವಾಸ್ ಬೂಟು ತೆಗೆದಿಟ್ಟೆ. ಕಡಲ ಬಂಡೆಯ ಮೇಲೆ ಚಪ್ಪಲಿ ನಿಲ್ಲುವುದಿಲ್ಲ.

ಹೋದ ದಿನವೇ ಸಂಜೆ ಪೋರ್ಟ್ ಬ್ಲೇರಿನ ಸೆಲ್ಯುಲರ್ ಜೈಲಿಗೆ ಹೋದೆವು, ಅತ್ತೆಯ ಪಾಲಿನ ಮೊದಲ ದಿನ ಅದು. 1896ರಿಂದ 1906ರವರೆಗೆ ಕಟ್ಟಿದ ಜೈಲು. ಏಳು ರೆಕ್ಕೆಗಳಿದ್ದವು, ಉಳಿದಿರುವುದು ಮೂರು. ಒಂದು ರೆಕ್ಕೆಯ ಮುಂಭಾಗ ಇನ್ನೊಂದರ ಬೆನ್ನಿಗೆ ಬರುವಂತೆ ಕಟ್ಟಿದ್ದರಿಂದ ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣುತ್ತಿರಲಿಲ್ಲ. ಅತ್ತೆ ಒಂದು ಕೋಣೆಯೊಳಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನಿಂತರು. ಮೇಲಿನ ಸಣ್ಣ ಕಿಂಡಿಯಲ್ಲಿ ಆಕಾಶ ಬಿಟ್ಟರೆ ಬೇರೇನಿಲ್ಲ. "ಸುತ್ತ ಇಷ್ಟು ಸಮುದ್ರ ಇಟ್ಕೊಂಡು, ಅದೂ ಕಾಣದ ಹಾಗೆ ಮಾಡಿದ್ರಲ್ಲ" ಅಂದರು. ಆ ರಾತ್ರಿ ಅವರು ಹೆಚ್ಚು ಮಾತಾಡಲಿಲ್ಲ. ಅಂದು ಬೇರೆ ಏನನ್ನೂ ಬರೆದಿಡದೆ ಇದ್ದದ್ದಕ್ಕೆ ನನಗೆ ಸಮಾಧಾನವಾಯಿತು.

ಹ್ಯಾವ್ಲಾಕ್‌ನಲ್ಲಿ ಮಗ ತನ್ನ ದಿನವನ್ನು ಪೂರ್ತಿ ನೀರಿನಲ್ಲೇ ಕಳೆದ. ಕಾವಲಿನವರನ್ನು ಕೇಳಿಯೇ ಇಳಿಸಿದ್ದೆ. ಆ ದ್ವೀಪಗಳ ಕೊಲ್ಲಿಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಎಚ್ಚರಿಕೆಯ ಫಲಕಗಳಿರುವ ಕಡೆ ಎಷ್ಟು ಚೆಂದದ ನೀರಾದರೂ ಇಳಿಯಬಾರದು. 12ರಂದು ನೀಲ್‌ಗೆ ಹೋಗುವ ದೋಣಿ ನಾಲ್ಕು ಗಂಟೆ ತಡವಾಯಿತು. ಜೆಟ್ಟಿಯಲ್ಲಿ ನಮ್ಮ ಜೊತೆ ಕಾಯುತ್ತಿದ್ದ ಒಂದು ಕುಟುಂಬ ಅಂದೇ ನೀಲ್ ನೋಡಿ ಅಂದೇ ಪೋರ್ಟ್ ಬ್ಲೇರ್ ಸೇರಬೇಕಿತ್ತು. ಅವರ ಹೆಣ್ಣುಮಗು ಚೀಲದ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು, ಅದರ ತಾಯಿ ಫೋನಿನಲ್ಲಿ ಯಾರನ್ನೋ ಗೋಗರೆಯುತ್ತಿದ್ದಳು. ನಮ್ಮ ಹಾಳೆಯಲ್ಲಿ ಆ ಮಧ್ಯಾಹ್ನದ ಮುಂದೆ ಇದ್ದದ್ದು 'ಖಾಲಿ'.

ಮರುದಿನ ಮೂರಕ್ಕೆ ಲಕ್ಷ್ಮಣಪುರ. ನೀರು ಆಗಲೇ ಬಹಳ ದೂರ ಸರಿದಿತ್ತು. ಕಡಲ ತಳವೇ ಬಿಸಿಲಿಗೆ ಬಿದ್ದಂತೆ ಬಂಡೆ, ಸತ್ತ ಹವಳ, ನಡುನಡುವೆ ಮೊಣಕಾಲುದ್ದದ ಗುಂಡಿಗಳು. ಒಂದು ಗುಂಡಿಯಲ್ಲಿ ಸಮುದ್ರ ಸೌತೆ ಎನ್ನುವ ಕಪ್ಪು ಪ್ರಾಣಿಯೊಂದು ಸೋರೆಕಾಯಿಯಂತೆ ಬಿದ್ದಿತ್ತು. ಇನ್ನೊಂದರಲ್ಲಿ ನಮ್ಮ ನೆರಳು ಬಿದ್ದದ್ದೇ ತಡ, ನೀಲಿ ತುಟಿಯ ಚಿಪ್ಪೊಂದು ಬಾಯಿ ಮುಚ್ಚಿಕೊಂಡಿತು. ಮಗ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಮತ್ತೆ ತೆರೆಯುವವರೆಗೆ ಕದಲಲಿಲ್ಲ. ಅವರು ಮೂವರೂ ಸೇತುವೆಯ ಕೆಳಗೆ ಹೋಗಿ ಕೈಬೀಸಿದರು. ಅತ್ತೆಗೆ ಆ ಬಂಡೆಗಳು ಆಗುವಂಥದ್ದಲ್ಲ, ನಾನು ಅವರ ಜೊತೆ ದಡದಲ್ಲೇ ನಿಂತೆ. ಅವರಿಗೆ ತಪ್ಪಿಹೋಯಿತಲ್ಲ ಎಂದು ಮನಸ್ಸು ಚುರ್ರೆಂದಿತು.

ಅಲ್ಲಿಂದ ಆಟೋದಲ್ಲಿ ಮುಳುಗುವ ಸೂರ್ಯ ಕಾಣುವ ಇನ್ನೊಂದು ದಂಡೆಗೆ ಬಂದೆವು. ಬಿಳಿ ಮರಳು, ಏರುಪೇರಿಲ್ಲ. ಎಳನೀರು ಮಾರುತ್ತಿದ್ದ ಹೆಂಗಸು ಕೇಳುವ ಮೊದಲೇ ತನ್ನ ಪ್ಲಾಸ್ಟಿಕ್ ಕುರ್ಚಿ ಕೊಟ್ಟಳು. ಇವರು ಅದನ್ನು ಹೊತ್ತೊಯ್ದು ನೀರಿನ ಅಂಚಿನಲ್ಲಿ ಇಟ್ಟರು. ಅತ್ತೆ ಸೀರೆ ಮೇಲೆತ್ತಿ ಕಟ್ಟಿ ಕೂತು ಪಾದ ಚಾಚಿದರು. ಆ ಹೊತ್ತಿಗೆ ಕಡಲು ತಿರುಗಿ ಬರತೊಡಗಿತ್ತು. ಒಂದು ಅಲೆ ಬೆರಳು ಮುಟ್ಟಿತು, ಇನ್ನೊಂದು ಹಿಮ್ಮಡಿ, ಆಮೇಲಿನದು ಕುರ್ಚಿಯ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಯಿತು. "ಅಜ್ಜೀ, ಏಳಿ, ನೀರು ಬಂತು" ಎಂದು ಮಗ ಕೂಗಿದ. ಕುರ್ಚಿಯನ್ನು ಎರಡು ಮಾರು ಹಿಂದಕ್ಕಿಟ್ಟೆವು. ಹತ್ತು ನಿಮಿಷಕ್ಕೆ ಮತ್ತೆ ಅಲ್ಲಿಗೂ ಬಂತು. ಮತ್ತೆ ಹಿಂದಕ್ಕೆ. ಐದೂವರೆಗೆ ಸೂರ್ಯ ಮುಳುಗಿದ. ಎಳನೀರಿನವಳು ಅಂಗಡಿ ಕಟ್ಟಿ ಕುರ್ಚಿಗಾಗಿ ಕಾಯುತ್ತಾ ನಿಂತಿದ್ದಳು. ಅತ್ತೆ ಅವಳ ಕಡೆ ತಿರುಗಿ, ಭಾಷೆ ಬಾರದೆ, ಒಂದು ಬೆರಳೆತ್ತಿ ತೋರಿಸಿದರು, ಇನ್ನೊಂದೇ ಒಂದು ಅಲೆ ಎಂಬಂತೆ. ಅವಳು ನಕ್ಕು ಮರಳಿನ ಮೇಲೆ ಕೂತುಬಿಟ್ಟಳು.